ಬಿರುಬಿಸಿಲಿನಲ್ಲಿ ವಿಮಾನದ ಎಂಜಿನ್ ಚಾಲನೆ: ನೀರು ಹಾಯಿಸುವ ಮುನ್ನ ಹುಡುಕಬೇಕಾದ ದೋಷ

ಬೇಸಿಗೆಯ ನಡುಮಧ್ಯಾಹ್ನ, ಕಾದ ಕಾಂಕ್ರೀಟಿನ ಏಪ್ರನ್ (ವಿಮಾನ ನಿಲ್ಲಿಸುವ ಅಂಗಳ) ಮೇಲೆ ನಿಂತ ವಿಮಾನದ ಎಂಜಿನ್ ಚಾಲೂ ಆಗುತ್ತಿರುವಾಗ, ಒಬ್ಬ ಕೆಲಸಗಾರ ಪೈಪು ಹಿಡಿದು ಅದರ ಗಾಳಿಬಾಯಿಗೆ ನೀರು ಹಾಯಿಸುತ್ತಿರುವ ದೃಶ್ಯವನ್ನು ಬಿಸಿನಾಡುಗಳ ನಿಲ್ದಾಣಗಳಲ್ಲಿ ದುಡಿದವರು ಒಮ್ಮೆಯಾದರೂ ಕಂಡಿರಬಹುದು. ಕಾರಣ ಕೇಳಿದರೆ ‘ಇಜಿಟಿ ಮೇಲೆ ಹೋಗುತ್ತದೆ, ನೀರು ಬಿಟ್ಟರೆ ಕೆಳಗೆ ನಿಲ್ಲುತ್ತದೆ’ ಎಂಬ ಉತ್ತರ ಬರುತ್ತದೆ. ಇಜಿಟಿ ಎಂದರೆ ಎಂಜಿನ್ನಿನಿಂದ ಹೊರಹೋಗುವ ಅನಿಲದ ಉಷ್ಣಾಂಶ. ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ನೀರು ಬಿಟ್ಟರೆ ಮಾತ್ರ ಚಾಲೂ ಆಗುವ ಎಂಜಿನ್ನಿಗೆ ಬಹುಮಟ್ಟಿಗೆ ಕೊರತೆಯಾಗಿರುವುದು ತಂಪಲ್ಲ, ಗಾಳಿ. ಆದ್ದರಿಂದ ಈ ಕೈಪಿಡಿಯು ಇಜಿಟಿ ಮುಳ್ಳಿಗಿಂತ ಮೊದಲು ಎನ್‌2 ಮುಳ್ಳನ್ನು, ಅಂದರೆ ಒಳದಂಡದ ವೇಗವನ್ನು ಓದುವುದರಿಂದ ಆರಂಭವಾಗುತ್ತದೆ. ಉದಾಹರಣೆಗೆ ನಮ್ಮ ಆಕಾಶದಲ್ಲಿಯೂ ಕೊಲ್ಲಿ ನಾಡುಗಳಲ್ಲಿಯೂ ಬಹುವಾಗಿ ಹಾರುವ ಬೋಯಿಂಗ್ 737 ಎನ್‌ಜಿ ವಿಮಾನವನ್ನೂ ಅದರ ಸಿಎಫ್‌ಎಂ56-7ಬಿ ಎಂಜಿನ್ನನ್ನೂ ಇಟ್ಟುಕೊಂಡಿದ್ದೇನೆ. ಬೇರೆ ಎಂಜಿನ್‌ಗಳಲ್ಲಿ ಅಂಕಿಗಳು ಬದಲಾದರೂ ತರ್ಕ ಬದಲಾಗದು. ಇಲ್ಲಿ ಬರೆದಿರುವುದು ಆಯಾ ವಿಮಾನದ ನಿರ್ವಹಣಾ ಕೈಪಿಡಿಯನ್ನು ಓದಲು ಸಹಾಯವಾಗಬಹುದೇ ಹೊರತು ಅದರ ಜಾಗದಲ್ಲಿ ಕೂರಲಾರದು.

ಬಿಸಿಲು ಇಜಿಟಿಯನ್ನು ಏಕೆ ಏರಿಸುತ್ತದೆ

ಚಾಲನೆಯ ಹೊತ್ತಿನಲ್ಲಿ ಎಂಜಿನ್ ತನ್ನ ಕಾಲ ಮೇಲೆ ತಾನು ನಿಂತಿರುವುದಿಲ್ಲ. ಗಾಳಿಯಿಂದ ತಿರುಗುವ ಸ್ಟಾರ್ಟರ್ ಒಳದಂಡವನ್ನು ತಿರುಗಿಸುತ್ತದೆ, ಕಂಪ್ರೆಸರ್ ಒಂದಿಷ್ಟು ಗಾಳಿ ಒತ್ತುತ್ತದೆ, ಆ ಗಾಳಿಯಲ್ಲಿ ಇಂಧನ ಹೊತ್ತಿಕೊಳ್ಳುತ್ತದೆ. ಉರಿಯನ್ನು ತೆಳುಗೊಳಿಸಿ ಟರ್ಬೈನ್ ಅಲಗುಗಳನ್ನು ಕಾಯುವುದೂ ಅದೇ ಗಾಳಿಯೇ. ಹೊರಗಿನ ಉಷ್ಣಾಂಶ 15 ಡಿಗ್ರಿಯಿಂದ 45 ಡಿಗ್ರಿಗೆ ಏರಿದರೆ ಗಾಳಿಯ ಸಾಂದ್ರತೆ ಸುಮಾರು ನೂರಕ್ಕೆ ಒಂಬತ್ತರಷ್ಟು ಇಳಿಯುತ್ತದೆ. ಬಿಸಿಗಾಳಿಯನ್ನು ಒತ್ತುವುದು ಕಂಪ್ರೆಸರಿಗೆ ಹೆಚ್ಚು ಕಷ್ಟವಾದ್ದರಿಂದ ಅದೇ ವೇಗದಲ್ಲಿ ದೊರೆಯುವ ಒತ್ತಡವೂ ತಗ್ಗುತ್ತದೆ. ಒಂದು ಸ್ಥೂಲ ಲೆಕ್ಕ ಹಾಕಬಹುದು. ಒಳಬರುವ ಗಾಳಿಯ ಕೆಲ್ವಿನ್ ಉಷ್ಣಾಂಶ ಯಾವ ಪ್ರಮಾಣದಲ್ಲಿ ಏರುತ್ತದೆಯೋ ಹೊರಹೋಗುವ ಅನಿಲದ ಉಷ್ಣಾಂಶವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ ಎಂದುಕೊಂಡರೆ, 15 ಡಿಗ್ರಿಯ ಬೆಳಗ್ಗೆ 600 ಡಿಗ್ರಿ ಮುಟ್ಟಿ ಇಳಿಯುತ್ತಿದ್ದ ಇಜಿಟಿ 45 ಡಿಗ್ರಿಯ ಮಧ್ಯಾಹ್ನ 690ರ ಹತ್ತಿರ ಹೋಗುತ್ತದೆ. ಈ ಎಂಜಿನ್ನಿನ ಚಾಲನಾ ಮಿತಿ 725 ಡಿಗ್ರಿ. ಅಂದರೆ ಎಲ್ಲವೂ ಸರಿಯಿರುವ ಎಂಜಿನ್ನಿಗೂ ಬೇಸಿಗೆಯಲ್ಲಿ ಉಳಿಯುವ ಅಂತರ ಕಿರಿದು. ಆ ಕಿರಿದಾದ ಅಂತರದಲ್ಲಿ, ಚಳಿಗಾಲದಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದ ಸಣ್ಣ ದೋಷವೂ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ.

ಬಿಸಿಲು ಎಂಜಿನ್ನನ್ನು ಮಾತ್ರ ಬಾಧಿಸುವುದಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಸ್ಟಾರ್ಟರಿಗೆ ಗಾಳಿ ಕೊಡುವ ಎಪಿಯು, ಅಂದರೆ ವಿಮಾನದಲ್ಲಿಯೇ ಇರುವ ಸಹಾಯಕ ಎಂಜಿನ್, ಕೂಡ ಒಂದು ಪುಟ್ಟ ಗ್ಯಾಸ್ ಟರ್ಬೈನ್. ಬಿಸಿಲಿನಲ್ಲಿ ಅದೂ ಏದುಸಿರು ಬಿಡುತ್ತದೆ, ತನ್ನ ಉಷ್ಣಾಂಶದ ಮಿತಿಯನ್ನು ಕಾಯ್ದುಕೊಳ್ಳಲು ಹೊರಗೆ ಕೊಡುವ ಗಾಳಿಯನ್ನು ಕಡಿಮೆ ಮಾಡುತ್ತದೆ. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿತ್ತು. ಅಂಥ ದಿನ ಎಂಜಿನ್ನಿಗೆ ಬೇಕಾದ ಗಾಳಿ ಹೆಚ್ಚುತ್ತದೆ, ಎಪಿಯು ಕೊಡಬಲ್ಲ ಗಾಳಿ ಇಳಿಯುತ್ತದೆ. ನಮ್ಮ ಕಲಬುರಗಿ, ರಾಯಚೂರು ಕಡೆಯ ಬೇಸಿಗೆ ಅಷ್ಟು ಕ್ರೂರವಲ್ಲದಿದ್ದರೂ ಹವಾಮಾನ ಕೇಂದ್ರದ ಪೆಟ್ಟಿಗೆಯೊಳಗಿನ 42 ಡಿಗ್ರಿಗೂ ಏಪ್ರನ್ನಿನ ಕಾಂಕ್ರೀಟಿನಿಂದ ಮೇಲೇಳುವ ಬಿಸಿಗಾಳಿಗೂ ಇರುವ ವ್ಯತ್ಯಾಸವನ್ನು ಅಲ್ಲಿ ನಿಂತವರು ಬಲ್ಲರು.

ನೀರು ಮಾಡುವುದೇನು

ನೀರಿನ ಶಕ್ತಿಯನ್ನು ಅಲ್ಲಗಳೆಯುವಂತಿಲ್ಲ. ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ತಣಿಸಲು ಸುಮಾರು 0.4 ಗ್ರಾಂ ನೀರು ಆವಿಯಾದರೆ ಸಾಕು. 45 ಡಿಗ್ರಿಯ, ನೂರಕ್ಕೆ ಹತ್ತರಷ್ಟು ಮಾತ್ರ ತೇವವಿರುವ ಒಣಗಾಳಿಗೆ ನೀರು ಪೂರ್ತಿಯಾಗಿ ಬೆರೆತರೆ ಅದು 22 ಡಿಗ್ರಿಯ ಆಸುಪಾಸಿಗೆ ಇಳಿಯಬಲ್ಲದು. ಅದೇ ಸಮುದ್ರತೀರದ ನಿಲ್ದಾಣದಲ್ಲಿ, 40 ಡಿಗ್ರಿ ಬಿಸಿಲೂ ನೂರಕ್ಕೆ ಅರವತ್ತರಷ್ಟು ತೇವವೂ ಇರುವಾಗ, ಎಷ್ಟೇ ನೀರು ಸುರಿದರೂ 33ಕ್ಕಿಂತ ಕೆಳಗಿಳಿಯದು. ಮರುಭೂಮಿಯ ಒಳನಾಡಿನಲ್ಲಿ ಫಲ ಕೊಟ್ಟ ಉಪಾಯವನ್ನು ಕಡಲ ದಡಕ್ಕೆ ಹೊತ್ತು ತಂದವರು ಬೇಸ್ತುಬೀಳುವುದು ಇದರಿಂದಲೇ.

ಆದರೆ ಇದೆಲ್ಲ ನೀರು ಮಂಜಿನಷ್ಟು ಸಣ್ಣ ಹನಿಯಾಗಿ, ಗಾಳಿಯೊಡನೆ ಬೆರೆಯಲು ಸಮಯ ಸಿಕ್ಕಿದಾಗಿನ ಲೆಕ್ಕ. ತೋಟದ ಪೈಪಿನಿಂದ ಬರುವ ದಪ್ಪ ಹನಿಗೆ ಗಾಳಿಬಾಯಿಯಿಂದ ಫ್ಯಾನಿನವರೆಗೆ ಆವಿಯಾಗುವಷ್ಟು ಹೊತ್ತೇ ಇರುವುದಿಲ್ಲ. ಫ್ಯಾನು ಆ ಹನಿಗಳನ್ನು ಹೊರ ಅಂಚಿಗೆ ಎಸೆಯುತ್ತದೆ, ಅವುಗಳಲ್ಲಿ ಬಹುಪಾಲು ಎಂಜಿನ್ನಿನ ಒಳಭಾಗವನ್ನು ಬಳಸಿ ಹೋಗುವ ಬೈಪಾಸ್ ದಾರಿಯಲ್ಲಿ ಹಾದು ಹಿಂದಿನಿಂದ ಹೊರಬೀಳುತ್ತವೆ. ಈ ಎಂಜಿನ್ನಿನಲ್ಲಿ ಒಳದಾರಿಗೆ ಹೋಗುವ ಒಂದು ಪಾಲು ಗಾಳಿಗೆ ಬೈಪಾಸಿಗೆ ಹೋಗುವುದು ಐದು ಪಾಲಿಗಿಂತ ತುಸು ಹೆಚ್ಚು. ಒಳಗೆ ಹೋದ ಸ್ವಲ್ಪ ನೀರು ಕಂಪ್ರೆಸರಿನಲ್ಲಿಯೂ ದಹನಕೋಣೆಯಲ್ಲಿಯೂ ಆವಿಯಾಗುವಾಗ ಶಾಖವನ್ನು ಹೀರುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಆವಿಯಾಗಲು ಸುಮಾರು 26 ಲಕ್ಷ ಜೂಲ್ ಬೇಕು. ಒಂದು ಕಿಲೋ ವಿಮಾನ ಇಂಧನ ಉರಿದರೆ ಸಿಗುವುದು ಸುಮಾರು 4.3 ಕೋಟಿ ಜೂಲ್. ಇಜಿಟಿ ಕೆಲವು ಹತ್ತು ಡಿಗ್ರಿ ತಗ್ಗಿ ಕಾಣಲು ಇಷ್ಟು ಸಾಕು. ಮುಳ್ಳು ಕೆಳಗೆ ನಿಂತಿತು ಎಂದು ಸಮಾಧಾನಪಡುವವರು ನೋಡದೆ ಬಿಡುವ ಸಂಗತಿಯೆಂದರೆ, ಆ ಮುಳ್ಳು ಓದುವುದು ಟರ್ಬೈನಿನ ನಡುವೆ ನೆಟ್ಟ ಎಂಟು ಶೋಧಕಗಳ ಸರಾಸರಿಯನ್ನು. ನೀರು ಸುತ್ತಲೂ ಒಂದೇ ಸಮನಾಗಿ ಹರಡದೆ ಒಂದು ಪಕ್ಕಕ್ಕೆ ಹೋದರೆ, ಆ ಪಕ್ಕ ತಣಿದು ಸರಾಸರಿ ಇಳಿದಿರುವಾಗಲೇ ಇನ್ನೊಂದು ಪಕ್ಕದ ಅಲಗುಗಳು ಮೊದಲಿನ ಬಿಸಿಯಲ್ಲಿಯೇ ಬೇಯುತ್ತಿರಬಹುದು.

ಹಾನಿಯ ದಾರಿಗಳು ಇನ್ನೂ ಇವೆ. ಈಗಷ್ಟೇ ಇಳಿದ ಎಂಜಿನ್ನಿನ ಕಾದ ಹೊರಕವಚಕ್ಕೆ ತಣ್ಣೀರು ತಾಗಿದರೆ ಅದು ಒಳಗಿನ ದಂಡಕ್ಕಿಂತ ಬೇಗ ಕುಗ್ಗುತ್ತದೆ, ಅಲಗಿನ ತುದಿಗಳು ಕವಚಕ್ಕೆ ಉಜ್ಜುತ್ತವೆ, ಉಜ್ಜಿ ಸವೆದ ಅಂತರ ಮುಂದಿನ ಪ್ರತಿ ಹಾರಾಟದಲ್ಲಿಯೂ ಇಜಿಟಿಯನ್ನು ಇನ್ನಷ್ಟು ಏರಿಸುತ್ತದೆ. ಬಯಲುಸೀಮೆಯ ಕೊಳವೆಬಾವಿಯ ಗಡಸುನೀರಾದರೆ ಅದರಲ್ಲಿನ ಸುಣ್ಣ ಅಲಗುಗಳ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಮನೆಯ ಗೀಸರಿನ ಕಾಯಿಲ್ ಬಿಚ್ಚಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿಬಾಯಿಯ ಬಳಿ ಇರುವ ಉಷ್ಣಾಂಶದ ಶೋಧಕ ಒದ್ದೆಯಾದರೆ ಇಇಸಿ, ಅಂದರೆ ಎಂಜಿನ್ನನ್ನು ಆಳುವ ಕಂಪ್ಯೂಟರು, ಹೊರಗೆ ಇರುವುದಕ್ಕಿಂತ ತಂಪಾಗಿದೆಯೆಂದು ತಿಳಿದು ಆ ತಪ್ಪು ಓದಿನ ಮೇಲೆಯೇ ತನ್ನ ಲೆಕ್ಕವನ್ನು ಹಾಕುತ್ತದೆ. ಇದೆಲ್ಲಕ್ಕಿಂತ ಮೇಲಿನದು ಪೈಪು ಹಿಡಿದವನ ಜೀವ. ಈ ಎಂಜಿನ್ ನಿಷ್ಕ್ರಿಯ ವೇಗದಲ್ಲಿರುವಾಗಲೂ ಗಾಳಿಬಾಯಿಯ ಸುತ್ತ ಸುಮಾರು ಮೂರು ಮೀಟರಿನ ವಲಯಕ್ಕೆ ಯಾರೂ ಕಾಲಿಡಬಾರದು, ಪೈಪಿನ ನೀರು ತಲುಪಬೇಕಾದರೆ ಅದರ ಅಂಚಿನಲ್ಲಿಯೇ ನಿಲ್ಲಬೇಕು. 2015ರ ಡಿಸೆಂಬರಿನಲ್ಲಿ ಮುಂಬೈ ನಿಲ್ದಾಣದಲ್ಲಿ ಚಾಲೂ ಆದ ಎಂಜಿನ್ನಿಗೆ ಸೆಳೆಯಲ್ಪಟ್ಟು ಒಬ್ಬ ತಂತ್ರಜ್ಞ ಸತ್ತರು. ಅಲ್ಲಿ ನೀರಿನ ಪೈಪಿನ ಮಾತಿರಲಿಲ್ಲ, ಆದರೆ ಎಂಜಿನ್ನಿನ ಸೆಳೆತ ಎಲ್ಲ ಕಡೆಯೂ ಒಂದೇ.

ಮೊದಲು ಕೇಳಬೇಕಾದ ಪ್ರಶ್ನೆ

ಮಿತಿ ದಾಟಿತೆ, ಇಲ್ಲವೆ? ದಾಟಿದ್ದರೆ ಮುಂದಿನ ಪ್ರಯತ್ನದ ಮಾತೇ ಇಲ್ಲ. ಗರಿಷ್ಠ ಉಷ್ಣಾಂಶವನ್ನೂ ಅದು ಎಷ್ಟು ಸೆಕೆಂಡು ನಿಂತಿತು ಎಂಬುದನ್ನೂ ಬರೆದಿಟ್ಟು, ನಿರ್ವಹಣಾ ಕೈಪಿಡಿಯ ನಕ್ಷೆಯಲ್ಲಿ ಆ ಬಿಂದು ಯಾವ ವಲಯಕ್ಕೆ ಬೀಳುತ್ತದೆಂದು ನೋಡಿ, ಅದು ಹೇಳುವ ಬೋರೋಸ್ಕೋಪ್ ಪರೀಕ್ಷೆಗೆ (ಸಣ್ಣ ಕ್ಯಾಮೆರಾ ನಳಿಕೆ ತೂರಿಸಿ ಒಳಗನ್ನು ನೋಡುವುದಕ್ಕೆ) ಎಂಜಿನ್ನನ್ನು ಒಪ್ಪಿಸಬೇಕು. ಈ ವಿಮಾನದಲ್ಲಿ ನೆಲದ ಮೇಲಿನ ಚಾಲನೆಯ ವೇಳೆ ಮಿತಿ ಮೀರಿದರೆ ಇಇಸಿ ತಾನೇ ಇಂಧನವನ್ನೂ ಕಿಡಿಯನ್ನೂ ಕಡಿಯುತ್ತದೆ. ಅದು ಕಡಿಯಿತೆಂದ ಮಾತ್ರಕ್ಕೆ ಹಾನಿಯಾಗಿಲ್ಲವೆಂದು ತೀರ್ಮಾನಿಸಬಾರದು.

ಮಿತಿ ದಾಟದೆ ಪ್ರತಿ ಮಧ್ಯಾಹ್ನವೂ ಹತ್ತಿರ ಹೋಗಿ ಹೆದರಿಸುವ ಎಂಜಿನ್ನೇ ಈ ಕೈಪಿಡಿಯ ವಿಷಯ. ಅದರಲ್ಲಿಯೂ ಇಜಿಟಿ ಏರುತ್ತ ಎನ್‌2 ಚುರುಕಾಗಿಯೇ ಏರುತ್ತಿದೆಯೆ, ಅಥವಾ ಎನ್‌2 ನಡುದಾರಿಯಲ್ಲಿ ಸೊರಗಿ ನಿಂತು ಇಜಿಟಿ ಮಾತ್ರ ಏರುತ್ತಿದೆಯೆ ಎಂಬುದನ್ನು ಬೇರ್ಪಡಿಸಬೇಕು. ಮೊದಲನೆಯದು ಇಂಧನದ ಕಡೆಗೂ ಉಳಿದ ಶಾಖದ ಕಡೆಗೂ ಬೆರಳು ಮಾಡುತ್ತದೆ. ಎರಡನೆಯದು ಹಂಗ್ ಸ್ಟಾರ್ಟ್ ಎನಿಸಿಕೊಳ್ಳುತ್ತದೆ, ಗಾಳಿಯ ಕಡೆಗೂ ಸ್ಟಾರ್ಟರಿನ ಕಡೆಗೂ ತೋರಿಸುತ್ತದೆ. ನನ್ನ ಅನುಭವದಲ್ಲಿ ಬೇಸಿಗೆಯ ದೂರುಗಳಲ್ಲಿ ಹೆಚ್ಚಿನವು ಈ ಎರಡನೆಯ ಜಾತಿಯವು, ಇಲ್ಲವೆ ಅದಕ್ಕೆ ಹತ್ತಿರದವು.

ಗಾಳಿಯನ್ನು ಅಳೆಯುವುದು

ಇಂಧನ ಬಿಡುವ ಮುನ್ನ ಸ್ಟಾರ್ಟರ್ ಒಂದರಿಂದಲೇ ಎನ್‌2 ಎಲ್ಲಿಯವರೆಗೆ ಏರಿತು ಎಂಬ ಅಂಕಿಯೇ ಇಡೀ ತಪಾಸಣೆಯ ಕೀಲಿ. ಈ ವೇಗವನ್ನು ಶೇಕಡಾದಲ್ಲಿ ಓದುತ್ತಾರೆ. ಸಾಮಾನ್ಯವಾಗಿ 25 ಶೇಕಡಾ ಮುಟ್ಟಿದಾಗ ಇಂಧನದ ಲಿವರ್ ಎತ್ತುತ್ತಾರೆ. ಅಲ್ಲಿಗೆ ತಲುಪದಿದ್ದರೆ ವೇಗ ಮತ್ತೆ ಏರದ ತನಕ, ಅಂದರೆ ಐದು ಸೆಕೆಂಡಿನಲ್ಲಿ ಒಂದು ಶೇಕಡಾ ಕೂಡ ಹೆಚ್ಚದ ಸ್ಥಿತಿಯ ತನಕ ಕಾಯುತ್ತಾರೆ, ಆದರೆ 20ಕ್ಕಿಂತ ಕೆಳಗೆ ಎತ್ತುವಂತಿಲ್ಲ. ಬೆಳಗ್ಗೆ 25 ದಾಟುತ್ತಿದ್ದ ಎಂಜಿನ್ ಮಧ್ಯಾಹ್ನ 21ಕ್ಕೆ ನಿಂತುಬಿಡುತ್ತಿದ್ದರೆ, ಕೊರತೆ ದಹನಕೋಣೆಗೆ ಬೆಂಕಿ ಬೀಳುವ ಮುಂಚೆಯೇ ಇದೆ ಎಂದಾಯಿತು. ಅವಸರದಲ್ಲಿ 20 ಮುಟ್ಟಿದೊಡನೆ ಲಿವರ್ ಎತ್ತುವ ಅಭ್ಯಾಸವಿರುವ ಕಡೆ, ಎಂಜಿನ್ನಿನಲ್ಲಿ ಯಾವ ದೋಷವೂ ಇಲ್ಲದೆ, ಇನ್ನು ನಾಲ್ಕು ಸೆಕೆಂಡು ಕಾದಿದ್ದರೆ ಸಾಕಾಗುತ್ತಿತ್ತು ಎನ್ನುವ ಸಂದರ್ಭಗಳೂ ಉಂಟು.

ಎರಡನೆಯ ಅಂಕಿ ಸ್ಟಾರ್ಟರಿಗೆ ಗಾಳಿ ತರುವ ಕೊಳವೆಯ ಒತ್ತಡ. ಸಮುದ್ರಮಟ್ಟದಲ್ಲಿ 30 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಬೇಕು, ಪ್ರತಿ ಸಾವಿರ ಅಡಿ ಎತ್ತರಕ್ಕೆ ಅರ್ಧ ಪಿಎಸ್‌ಐ ಕಳೆಯಬಹುದು. ಬೆಂಗಳೂರಿನ ನಿಲ್ದಾಣ ಸುಮಾರು 3000 ಅಡಿ ಎತ್ತರದಲ್ಲಿರುವುದರಿಂದ ಅಲ್ಲಿ 28.5 ಇದ್ದರೆ ಸಾಕು. ಹವಾನಿಯಂತ್ರಣದ ಪ್ಯಾಕ್‌ಗಳು ನಿಂತಿವೆಯೇ ಎಂದು ಮೊದಲು ನೋಡಿಕೊಳ್ಳಿ. ಪ್ರಯಾಣಿಕರು ಬೆವರುತ್ತಿದ್ದಾರೆಂದು ಒಂದು ಪ್ಯಾಕನ್ನು ಓಡುತ್ತ ಬಿಟ್ಟು, ಸ್ಟಾರ್ಟರಿಗೆ ಹೋಗಬೇಕಾದ ಗಾಳಿಯನ್ನು ಕ್ಯಾಬಿನ್ನಿಗೆ ಕೊಟ್ಟದ್ದನ್ನು ನಾನೇ ನೋಡಿದ್ದೇನೆ.

ಒಂದು ಬೇಸಿಗೆಯಲ್ಲಿ ನಮ್ಮ ಕೈಗೆ ಬಂದ ವಿಮಾನವೊಂದರ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ತರ್ಕ ಅದರಲ್ಲಿಯೇ ಇದೆ. ಎರಡನೆಯ ಎಂಜಿನ್ ಪ್ರತಿ ಮಧ್ಯಾಹ್ನ 700 ಡಿಗ್ರಿಯ ಆಸುಪಾಸಿಗೆ ಹೋಗುತ್ತಿತ್ತು, ಒಂದನೆಯದು ಶಾಂತವಾಗಿತ್ತು. ಹಿಂದಿನ ನಿಲ್ದಾಣದಲ್ಲಿ ನೀರು ಸಿಂಪಡಿಸಿ ಕಳಿಸಿದ್ದರು. ಎಂಜಿನ್ ಬದಲಿಸಬೇಕೆಂಬ ಮಾತೂ ಎದ್ದಿತ್ತು. ನಾವು ಮಾಡಿದ್ದು ಇಷ್ಟೆ: ಎಪಿಯು ಬದಲು ನೆಲದ ಗಾಳಿಗಾಡಿಯಿಂದ ಎರಡೂ ಎಂಜಿನ್‌ಗಳನ್ನು ಚಾಲೂ ಮಾಡಿದೆವು. ಈಗ ಎರಡನೆಯದು ಸುಮ್ಮನೆ ಹತ್ತಿಕೊಂಡಿತು, ಒಂದನೆಯದು ಬಿಸಿಯಾಯಿತು. ದೋಷ ಎಂಜಿನ್ನಿನಲ್ಲಿದ್ದಿದ್ದರೆ ಅದು ಎಂಜಿನ್ನಿನ ಜೊತೆಗೇ ಉಳಿಯಬೇಕಿತ್ತು. ಈ ವಿಮಾನದಲ್ಲಿ ಎಪಿಯು ಗಾಳಿ ಎಡ ಕೊಳವೆಗೆ ಬರುತ್ತದೆ, ನೆಲದ ಗಾಳಿಯ ಜೋಡಣೆ ಬಲ ಕೊಳವೆಗಿದೆ, ಎರಡರ ನಡುವೆ ಅವನ್ನು ಕೂಡಿಸುವ, ಬೇರ್ಪಡಿಸುವ ಒಂದು ಐಸೊಲೇಶನ್ ವಾಲ್ವ್ ಇದೆ. ಗಾಳಿ ಯಾವ ಕಡೆಯಿಂದ ಬಂದರೂ ಆ ವಾಲ್ವನ್ನು ದಾಟಿ ಹೋಗಬೇಕಾದ ಎಂಜಿನ್ನೇ ಸೊರಗುತ್ತಿತ್ತು. ಒತ್ತಡದ ಮೀಟರಿನಲ್ಲಿ ಎಡ ಬಲದ ಎರಡು ಮುಳ್ಳುಗಳು ಒಂದರ ಮೇಲೊಂದು ಕೂರಬೇಕಾದ ಹೊತ್ತಿನಲ್ಲಿ ಬೇರೆ ಬೇರೆ ನಿಂತಿದ್ದವು. ಅದು ಮೊದಲ ದಿನದಿಂದಲೂ ಎಲ್ಲರ ಕಣ್ಣ ಮುಂದೆಯೇ ಇತ್ತು, ಆದರೆ ಎಲ್ಲರೂ ಇಜಿಟಿಯನ್ನೇ ನೋಡುತ್ತಿದ್ದರು. ಪೂರ್ತಿ ತೆರೆಯದಿದ್ದ ವಾಲ್ವನ್ನು ಬದಲಿಸಿದ ಮೇಲೆ ಆ ಎಂಜಿನ್ನಿನ ಬಗ್ಗೆ ದೂರು ಬರಲಿಲ್ಲ.

ಆದ್ದರಿಂದ ಬೆಲೆಬಾಳುವ ಯಾವ ಭಾಗವನ್ನೂ ಬಿಚ್ಚುವ ಮುನ್ನ ಗಾಳಿಯ ಮೂಲವನ್ನು ಬದಲಿಸಿ ನೋಡುವುದು ನಿಯಮವಾಗಲಿ. ಎಪಿಯುವಿನಿಂದ ಎರಡೂ ಎಂಜಿನ್‌ಗಳು ಬಿಸಿಯಾಗಿ ಗಾಡಿಯಿಂದ ಎರಡೂ ತಣ್ಣಗಿದ್ದರೆ ಎಪಿಯುವನ್ನೂ ಅದರ ಕೊಳವೆಯ ಸೋರಿಕೆಯನ್ನೂ ಹುಡುಕಬೇಕು. ಯಾವ ಮೂಲದಿಂದ ಗಾಳಿ ಕೊಟ್ಟರೂ, ಒತ್ತಡ ಸರಿಯಿದ್ದರೂ, ಒಂದೇ ಎಂಜಿನ್ನಿನ ಎನ್‌2 ಮೇಲೇಳದಿದ್ದರೆ ಆ ಪಕ್ಕದ ಸ್ಟಾರ್ಟ್ ವಾಲ್ವು ಅರ್ಧ ತೆರೆಯುತ್ತಿದೆಯೆ, ಸ್ಟಾರ್ಟರಿನ ಎಣ್ಣೆಯಲ್ಲಿ ಲೋಹದ ಚೂರುಗಳಿವೆಯೆ, ವಾಲ್ವು ಎನ್‌2 56 ಶೇಕಡಾ ತಲುಪುವ ಮುಂಚೆಯೇ ಮುಚ್ಚಿಕೊಂಡು ಸ್ಟಾರ್ಟರ್ ಕೈಬಿಡುತ್ತಿದೆಯೆ ಎಂದು ನೋಡಬೇಕು.

ಉಳಿದ ಶಾಖ ಮತ್ತು ಹಿಂದಿನ ಗಾಳಿ

ಬೇಗ ತಿರುಗಿ ಹೊರಡುವ ವಿಮಾನಗಳಲ್ಲಿ ನಿಲ್ಲಿಸಿದ ಎಂಜಿನ್ ಆರುವ ಮುನ್ನವೇ ಮತ್ತೆ ಹೊತ್ತಿಸುತ್ತಾರೆ. ಹಾಗೆ ಆರಂಭದಲ್ಲಿಯೇ ಇಜಿಟಿ ಮೇಲಿದ್ದರೆ ಇಂಧನವಿಲ್ಲದೆ ಸ್ಟಾರ್ಟರಿನಿಂದ ತಿರುಗಿಸಿ ಒಳಗಿನ ಬಿಸಿಯನ್ನು ಹೊರಹಾಕುವ ಡ್ರೈ ಮೋಟರಿಂಗ್ ಇದೆ. ಸ್ಟಾರ್ಟರಿಗೆ ಇರುವ ಕಾಲಮಿತಿಯೊಳಗೆ ಅದನ್ನು ಮಾಡುವುದು ನೀರಿನ ಪೈಪಿಗಿಂತ ಎಷ್ಟೋ ಪಾಲು ಮೇಲು, ಏಕೆಂದರೆ ಇಲ್ಲಿ ತಣಿಸುವುದು ಎಲ್ಲ ಕಡೆಗೂ ಸಮನಾಗಿ ಹರಿಯುವ ಗಾಳಿ. ಬಾಲದ ಕಡೆಯಿಂದ ಬೀಸುವ ಗಾಳಿ ಹೊರಬರುವ ಅನಿಲವನ್ನು ಮತ್ತೆ ಎಂಜಿನ್ನಿನ ಕಡೆಗೇ ತಳ್ಳಿ ದಂಡ ತಿರುಗುವುದನ್ನೂ ತಡೆಯುತ್ತದೆ. ವಿಮಾನವನ್ನು ಗಾಳಿಗೆ ಮುಖಮಾಡಿ ನಿಲ್ಲಿಸುವುದಕ್ಕೆ ವಿಮಾನ ಎಳೆಯುವ ಟಗ್ಗಿನ ಐದು ನಿಮಿಷದ ಹೊರತು ಬೇರೆ ಖರ್ಚಿಲ್ಲ.

ಇಂಧನ, ಬ್ಲೀಡು ಮತ್ತು ಶೋಧಕ

ಗಾಳಿ ಸರಿಯಿದೆ, ಎನ್‌2 ಬೇಕಾದಷ್ಟಿದೆ, ಆದರೂ ಹೊತ್ತಿದ ಕೂಡಲೇ ಇಜಿಟಿ ಚಂಗನೆ ನೆಗೆಯುತ್ತದೆ ಎಂದರೆ ಮಾತ್ರ ಇಂಧನದ ಕಡೆ ತಿರುಗಿ. ಹೊತ್ತುವ ಕ್ಷಣದ ಇಂಧನ ಹರಿವನ್ನು ಪಕ್ಕದ ಎಂಜಿನ್ನಿನ ಅದೇ ಕ್ಷಣದ ಹರಿವಿನೊಡನೆ ಹೋಲಿಸಿದರೆ ಅಳತೆಯ ಘಟಕ ಹೆಚ್ಚು ಸುರಿಯುತ್ತಿದೆಯೇ ಎಂಬುದು ತಿಳಿಯುತ್ತದೆ. ಹರಿವು ಸಮವಿದ್ದರೆ ಕಂಪ್ರೆಸರಿನ ಕೋನ ಬದಲಿಸಬಲ್ಲ ಸ್ಥಿರ ಅಲಗುಗಳ ಹೊಂದಿಕೆಯನ್ನೂ, ಚಾಲನೆಯ ವೇಳೆ ಒಂಬತ್ತನೆಯ ಹಂತದ ಗಾಳಿಯನ್ನು ಹೊರಬಿಟ್ಟು ಕಂಪ್ರೆಸರಿಗೆ ಉಸಿರಾಡಲು ಅನುವು ಮಾಡಿಕೊಡುವ ಟ್ರಾನ್ಸಿಯೆಂಟ್ ಬ್ಲೀಡ್ ವಾಲ್ವನ್ನೂ ಪರೀಕ್ಷಿಸಬೇಕು. ಶೋಧಕವೇ ಸುಳ್ಳು ಹೇಳುತ್ತಿದೆಯೇ ಎಂಬ ಅನುಮಾನಕ್ಕೆ ಸುಲಭದ ಪರೀಕ್ಷೆಯೊಂದಿದೆ. ರಾತ್ರಿಯಿಡೀ ನಿಂತು ಆರಿದ ವಿಮಾನದಲ್ಲಿ ಬೆಳಗ್ಗೆ ಎರಡೂ ಎಂಜಿನ್‌ಗಳ ಇಜಿಟಿ ಹೊರಗಿನ ಉಷ್ಣಾಂಶಕ್ಕೆ ಹತ್ತಿರವಿರಬೇಕು. ಆಗಲೇ ಒಂದು ಮೇಲಿದ್ದರೆ ದೋಷ ಶೋಧಕದಲ್ಲೋ ಅದರ ತಂತಿಯಲ್ಲೋ ಇದೆ.

ಪಿಟಿ6 ಬಗೆಯ ಸಣ್ಣ ಟರ್ಬೊಪ್ರಾಪ್‌ಗಳಲ್ಲಿ, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಟರ್ಬೈನ್ ಎಂಜಿನ್‌ಗಳಲ್ಲಿ, ಸ್ಟಾರ್ಟರ್ ವಿದ್ಯುತ್ತಿನದು, ಆದ್ದರಿಂದ ಗಾಳಿಯ ಒತ್ತಡದ ಸ್ಥಾನದಲ್ಲಿ ಬ್ಯಾಟರಿಯ ವೋಲ್ಟ್ ಬರುತ್ತದೆ. ಸೆಸ್ನಾ ಕ್ಯಾರವಾನ್‌ನಲ್ಲಿ 24 ವೋಲ್ಟಿಗಿಂತ ಕಡಿಮೆಯಿದ್ದರೆ ಬ್ಯಾಟರಿಯಿಂದ ಚಾಲನೆಗೆ ಕೈಹಾಕಬಾರದು, ದಂಡದ ವೇಗ 12 ಶೇಕಡಾ ತಲುಪುವ ಮುನ್ನ ಇಂಧನ ಬಿಡಬಾರದು. ಬಿಸಿಲಿನಲ್ಲಿ ಬೆಂದ ಹಳೆಯ ಬ್ಯಾಟರಿಯೇ ಅಲ್ಲಿ ಬಹುಪಾಲು ಅಪರಾಧಿ. ನೆಲದ ವಿದ್ಯುತ್ ಗಾಡಿ ಜೋಡಿಸಿದೊಡನೆ ಉಷ್ಣಾಂಶ ತಗ್ಗಿದರೆ ಮುಂದೆ ಹುಡುಕುವುದೇನೂ ಇರುವುದಿಲ್ಲ.

ನೀರಿಗೆ ನ್ಯಾಯವಾದ ಜಾಗ

ಎಂಜಿನ್ನಿಗೆ ನೀರು ಅಸ್ಪೃಶ್ಯವೆಂದು ಇದರ ಅರ್ಥವಲ್ಲ. ಅವ್ರೋ 748 ಮತ್ತು ಫೋಕರ್ ಫ್ರೆಂಡ್‌ಶಿಪ್ ವಿಮಾನಗಳು ಹೊತ್ತ ರೋಲ್ಸ್‌ರಾಯ್ಸ್ ಡಾರ್ಟ್ ಎಂಜಿನ್‌ಗಳಲ್ಲಿ ಟೇಕಾಫ್ ವೇಳೆ ನೀರು ಮತ್ತು ಮೆಥನಾಲ್ ಮಿಶ್ರಣ ಚಿಮ್ಮಿಸುವ ಏರ್ಪಾಡಿತ್ತು. 2016ರವರೆಗೆ ಗೋವೆಯ ನೌಕಾನೆಲೆಯಿಂದ ಹಾರುತ್ತಿದ್ದ ಸೀ ಹ್ಯಾರಿಯರ್‌ಗಳ ಪೆಗಾಸಸ್ ಎಂಜಿನ್ ಸುಮಾರು 227 ಕಿಲೋ ನೀರನ್ನು ಒಂದೂವರೆ ನಿಮಿಷದಲ್ಲಿ ಕುಡಿದು ಮುಗಿಸುತ್ತಿತ್ತು. ಅಲ್ಲೆಲ್ಲ ನೀರು ಶುದ್ಧೀಕರಿಸಿದ್ದು, ಅಳೆದದ್ದು, ತೂತುಗಳ ಮೂಲಕ ಸಮನಾಗಿ ಹರಡಿದ್ದು, ಎಂಜಿನ್ ಪೂರ್ಣ ವೇಗದಲ್ಲಿರುವಾಗ ಒಳಹೊಕ್ಕದ್ದು. 20 ಶೇಕಡಾ ವೇಗದಲ್ಲಿ ತಡವರಿಸುತ್ತಿರುವ ಎಂಜಿನ್ನಿಗೆ ಕೈಪೈಪಿನಿಂದ ಎರಚುವುದಕ್ಕೂ ಅದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ.

ಇಂದಿನ ಎಂಜಿನ್ನಿಗೆ ನೀರು ಸಲ್ಲಬೇಕಾದ ರೀತಿ ಕಂಪ್ರೆಸರ್ ತೊಳೆಯುವುದು. ಮೇಲಿನ ಪರೀಕ್ಷೆಗಳೆಲ್ಲ ಸರಿಯೆಂದು ಬಂದು, ತಿಂಗಳುಗಳ ದಾಖಲೆಯಲ್ಲಿ ಟೇಕಾಫ್ ಇಜಿಟಿಗೂ ಅದರ ಮಿತಿಗೂ ನಡುವೆ ಉಳಿದ ಅಂತರವೂ ಮೆಲ್ಲಗೆ ಕರಗುತ್ತಿದ್ದರೆ, ಅಲಗುಗಳ ಮೇಲೆ ಧೂಳು, ಉಪ್ಪು, ಎಣ್ಣೆಯ ಜಿಡ್ಡು ಕೂತಿವೆ ಎಂದರ್ಥ. ಮರಳುಗಾಳಿಯ ನಾಡಿನಲ್ಲಿ ಇದು ಬೇಗ ಆಗುತ್ತದೆ. ಆಗ ಎಂಜಿನ್ ಆರಿದ ಮೇಲೆ, ಕಿಡಿಯನ್ನೂ ಇಂಧನವನ್ನೂ ಕಡಿದು, ಸ್ಟಾರ್ಟರಿನಿಂದ ತಿರುಗಿಸುತ್ತ, ಖನಿಜ ತೆಗೆದ ನೀರನ್ನು ಕೈಪಿಡಿ ಹೇಳಿದ ನಳಿಕೆಯಿಂದ ಹೇಳಿದಷ್ಟೇ ಬಿಟ್ಟು, ಬಳಿಕ ಎಂಜಿನ್ ಓಡಿಸಿ ಒಣಗಿಸಬೇಕು.

ತೊಳೆದ ದಿನವೂ ಅದಕ್ಕೆ ಮುಂಚಿನ ದಿನವೂ ತಾಂತ್ರಿಕ ದಾಖಲೆಯಲ್ಲಿ ‘ಸ್ಟಾರ್ಟಿನಲ್ಲಿ ಇಜಿಟಿ ಹೆಚ್ಚು’ ಎಂದು ಮಾತ್ರ ಬರೆದರೆ ಮುಂದಿನ ಪಾಳಿಯವನಿಗೆ ಏನೂ ಸಿಗುವುದಿಲ್ಲ. ಹೊರಗಿನ ಉಷ್ಣಾಂಶ, ಗಾಳಿಯ ದಿಕ್ಕು, ಗಾಳಿಯ ಮೂಲ ಎಪಿಯುವೋ ಗಾಡಿಯೋ, ವಾಲ್ವು ತೆರೆದ ಮೇಲಿನ ಎಡ ಮತ್ತು ಬಲ ಒತ್ತಡ, ಇಂಧನ ಬಿಟ್ಟಾಗಿನ ಎನ್‌2 ಮತ್ತು ಇಜಿಟಿ, ಇಜಿಟಿಯ ಗರಿಷ್ಠ, ಸ್ಟಾರ್ಟರ್ ಕೈಬಿಟ್ಟ ವೇಗ, ಇಷ್ಟನ್ನೂ ಎರಡೂ ಎಂಜಿನ್‌ಗಳಿಗೆ ಅಕ್ಕಪಕ್ಕದಲ್ಲಿ ಬರೆಯಿರಿ. ಹಿಂದಿನ ನಿಲ್ದಾಣದಲ್ಲಿ ಯಾರಾದರೂ ನೀರು ಸಿಂಪಡಿಸಿ ಕಳಿಸಿದ್ದರೆ ಅದನ್ನೂ ಬರೆಯಿರಿ, ಏಕೆಂದರೆ ಆ ದಿನದ ಇಜಿಟಿ ಅಂಕಿಯನ್ನು ಉಳಿದ ದಿನಗಳ ಸಾಲಿನಲ್ಲಿ ಇಟ್ಟು ಓದುವಂತಿಲ್ಲ.